ಇದು ಫ್ರೀವೇರ್ ಹೌದೋ ಅಲ್ಲವೋ? ಲೈಸೆನ್ಸ್ ಓದಿ ನೀವೇ ತೀರ್ಮಾನಿಸುವ ಕ್ರಮ

"ಸಾರ್, ಇದು ಫ್ರೀವೇರ್ ತಾನೇ? ದುಡ್ಡೇ ಕೇಳಲಿಲ್ಲ ಅಲ್ವಾ!" ದಾವಣಗೆರೆಯ ಡಿಟಿಪಿ ಅಂಗಡಿಯವರು, ಎಪಿಎಂಸಿ ದಲಾಲಿ ಅಂಗಡಿಗಳಲ್ಲಿ ಲೆಕ್ಕ ಬರೆಯುವವರು, ಕಾಲೇಜಿನ ಲ್ಯಾಬ್ ನೋಡಿಕೊಳ್ಳುವವರು, ಮದುವೆ ವಿಡಿಯೋ ಎಡಿಟ್ ಮಾಡುವ ಹುಡುಗರು, ಎಲ್ಲರ ಪ್ರಶ್ನೆಯೂ ಸುತ್ತಿ ಬಳಸಿ ಇದೇ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಹೇಳುವುದಕ್ಕಿಂತ, ನೀವೇ ಕೂತು ತೀರ್ಮಾನ ಮಾಡುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಇದಕ್ಕೆ ವಕೀಲರ ಓದು ಬೇಡ. ಇಂಗ್ಲಿಷ್ ತಕ್ಕಮಟ್ಟಿಗೆ ಓದಲು ಬಂದರೆ ಸಾಕು.

ಕ್ರಮಕ್ಕೆ ಹೋಗುವ ಮುಂಚೆ ಒಂದು ಮಾತು. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಎಂದರೇನು ಅಂತ ಇದೆ, ಫ್ರೀವೇರ್ ಎಂದರೇನು ಅಂತ ಇಲ್ಲ. ಆ ಹೆಸರು ಬಳಕೆಗೆ ಬಂದದ್ದು 1982ರಲ್ಲಿ. ಅಮೆರಿಕದ ಆಂಡ್ರ್ಯೂ ಫ್ಲೂಗಲ್‌ಮನ್ ಎಂಬುವರು ಪಿಸಿ-ಟಾಕ್ ಎನ್ನುವ ಪ್ರೋಗ್ರಾಂ ಬರೆದು, ಬೇಕಾದವರು ಕಾಪಿ ಮಾಡಿಕೊಳ್ಳಿ, ಉಪಯೋಗಕ್ಕೆ ಬಂದರೆ 25 ಡಾಲರ್ ಕಳಿಸಿ ಎಂದರು. ಅಂದರೆ ಮೊದಲ ಫ್ರೀವೇರೇ ದುಡ್ಡು ಕೇಳಿತ್ತು! ಹೆಸರನ್ನು ಅವರು ಟ್ರೇಡ್‌ಮಾರ್ಕ್ ಮಾಡಿಕೊಂಡಿದ್ದರಿಂದ ಉಳಿದವರು ಶೇರ್‌ವೇರ್ ಎಂಬ ಬೇರೆ ಹೆಸರು ಹಿಡಿದರು. ಹೀಗೆ ಶುರುವಿನಿಂದಲೂ ಗೊಂದಲವೇ. ಆದ್ದರಿಂದ ಪ್ಯಾಕೆಟ್ಟಿನ ಮೇಲೆ ಏನು ಬರೆದಿದೆ ಎನ್ನುವುದನ್ನು ನಂಬಬೇಡಿ, ಒಳಗಿನ ಲೈಸೆನ್ಸ್ ನೋಡಿ.

ನಮ್ಮ ಕೆಲಸಕ್ಕೆ ಸಾಕಾಗುವ ಅರ್ಥ ಇಷ್ಟು: ದುಡ್ಡಿಲ್ಲದೆ ಸಿಗಬೇಕು, ದಿನದ ಗಡುವಿಲ್ಲದೆ ನಡೆಯಬೇಕು, ಮುಖ್ಯ ಕೆಲಸವನ್ನು ಪೂರ್ತಿ ಮಾಡಬೇಕು. ಹಕ್ಕು ಮಾತ್ರ ಬರೆದವರ ಬಳಿಯೇ ಇರುತ್ತದೆ. ಸಾಮಾನ್ಯವಾಗಿ ಸೋರ್ಸ್ ಕೋಡ್, ಅಂದರೆ ಪ್ರೋಗ್ರಾಮರ್ ಕೈಯಿಂದ ಬರೆದ ಮೂಲ ಬರಹ, ನಮಗೆ ಕೊಡುವುದಿಲ್ಲ. ಬೆಣ್ಣೆದೋಸೆ ಹೋಟೆಲಿನಲ್ಲಿ ಚಟ್ನಿ, ಪಲ್ಯ ಎಷ್ಟು ಸಲ ಕೇಳಿದರೂ ಹಾಕುತ್ತಾರೆ. ಹಾಗಂತ ಡಬ್ಬಿ ತುಂಬಿಸಿಕೊಂಡು ಹೋಗಿ ಪಕ್ಕದ ಬೀದಿಯಲ್ಲಿ ಮಾರಲು ಬಿಡುತ್ತಾರಾ? ಫ್ರೀವೇರ್ ಅಷ್ಟೇ.

ಬೇಕಾಗುವ ಸಾಮಾನು

ಸಾಫ್ಟ್‌ವೇರಿನ ಇನ್‌ಸ್ಟಾಲರ್ ಫೈಲು (ಅದನ್ನು ಮಾಡಿದವರ ಸ್ವಂತ ವೆಬ್‌ಸೈಟಿನಿಂದಲೇ ಇಳಿಸಿಕೊಂಡದ್ದು), ನೋಟ್‌ಪ್ಯಾಡ್, ಪಟ್ಟಿ ಬರೆಯಲು ಒಂದು ಎಕ್ಸೆಲ್ ಹಾಳೆ ಅಥವಾ ಬರೀ ನೋಟ್‌ಬುಕ್. ಇಷ್ಟೇ.

ಹಂತ 1: ಯಾರ ಕೆಲಸಕ್ಕೆ ಎಂದು ಮೊದಲು ಬರೆದುಕೊಳ್ಳಿ

ಎಲ್ಲರೂ ಸಾಫ್ಟ್‌ವೇರಿನಿಂದ ಶುರು ಮಾಡುತ್ತಾರೆ. ನೀವು ನಿಮ್ಮಿಂದ ಶುರು ಮಾಡಿ. ಒಂದೇ ಸಾಫ್ಟ್‌ವೇರ್ ಮನೆಯಲ್ಲಿ ಫ್ರೀ, ಅಂಗಡಿಯಲ್ಲಿ ದುಡ್ಡಿಗೆ ಆಗಿರಬಹುದು. ಆದ್ದರಿಂದ ಕಂಪ್ಯೂಟರ್ ಮುಂದೆ ಕೂತು ಇದರಲ್ಲಿ ಯಾವುದು ಎಂದು ಗುರುತು ಹಾಕಿ: ಮನೆಬಳಕೆ, ಅಂಗಡಿ ಅಥವಾ ಆಫೀಸು, ಶಾಲೆ-ಕಾಲೇಜು, ಲಾಭವಿಲ್ಲದ ಸಂಘ ಅಥವಾ ಟ್ರಸ್ಟು, ಸರ್ಕಾರಿ ಕಚೇರಿ.

ಇಲ್ಲಿ ಜಾಸ್ತಿ ಜನ ಎಡವುವುದು ಒಂದು ಕಡೆ. ಲ್ಯಾಪ್‌ಟಾಪ್ ಮನೆಯದ್ದು, ಕೂತದ್ದು ಮನೆಯಲ್ಲೇ, ಆದರೆ ಮಾಡುತ್ತಿರುವುದು ಗಿರಾಕಿಯ ಲಗ್ನಪತ್ರಿಕೆ. ಅದು ಮನೆಬಳಕೆ ಅಲ್ಲ. ಲೈಸೆನ್ಸ್ ನೋಡುವುದು ಕೆಲಸವನ್ನು, ಕುರ್ಚಿ ಎಲ್ಲಿದೆ ಎನ್ನುವುದನ್ನಲ್ಲ. ಹಾಗೆಯೇ ಟ್ಯೂಶನ್ ಫೀಸು ತೆಗೆದುಕೊಳ್ಳುವ ಖಾಸಗಿ ಕಂಪ್ಯೂಟರ್ ತರಬೇತಿ ಕೇಂದ್ರವನ್ನು ಎಲ್ಲ ಲೈಸೆನ್ಸುಗಳೂ ಶಾಲೆ ಎಂದು ಒಪ್ಪುವುದಿಲ್ಲ. ಅನುಮಾನ ಇದ್ದರೆ ಅಂಗಡಿ ಎಂದೇ ಬರೆದುಕೊಳ್ಳಿ.

ಹಂತ 2: ಲೈಸೆನ್ಸ್ ಎಲ್ಲಿದೆ ಹುಡುಕಿ

ಲೈಸೆನ್ಸ್ ಎಂದರೆ "ನನ್ನ ಸಾಫ್ಟ್‌ವೇರನ್ನು ಹೀಗೆ ಬಳಸಬಹುದು, ಹೀಗೆ ಬಳಸಬಾರದು" ಎಂದು ಮಾಡಿದವರು ಕೊಡುವ ಒಪ್ಪಿಗೆ ಪತ್ರ. ಇದು ಮೂರು ಕಡೆ ಸಿಗುತ್ತದೆ.

ಒಂದು, ಇನ್‌ಸ್ಟಾಲ್ ಮಾಡುವಾಗ ಬರುವ ಉದ್ದನೆಯ ಕಿಟಕಿ. ನಾವು "ಐ ಅಗ್ರೀ" ಒತ್ತಿ ಓಡುತ್ತೇವಲ್ಲ, ಅದೇ. ಅದರೊಳಗೆ ಕ್ಲಿಕ್ ಮಾಡಿ, ಕಂಟ್ರೋಲ್ ಎ, ಕಂಟ್ರೋಲ್ ಸಿ ಒತ್ತಿ, ನೋಟ್‌ಪ್ಯಾಡಿಗೆ ಹಾಕಿಕೊಳ್ಳಿ. ಎರಡು, ಈಗಾಗಲೇ ಇನ್‌ಸ್ಟಾಲ್ ಆಗಿದ್ದರೆ ಸಿ ಡ್ರೈವಿನ ಪ್ರೋಗ್ರಾಂ ಫೈಲ್ಸ್ ಒಳಗೆ ಆ ಸಾಫ್ಟ್‌ವೇರಿನ ಫೋಲ್ಡರ್ ತೆರೆಯಿರಿ. ಲೈಸೆನ್ಸ್ ಅಥವಾ ಕಾಪಿಯಿಂಗ್ ಎಂಬ ಹೆಸರಿನ ಫೈಲ್ ಇರುತ್ತದೆ. 7-ಜಿಪ್ (ಫೈಲು ಕಟ್ಟಿ ಬಿಚ್ಚುವ ಪ್ರೋಗ್ರಾಂ) ಫೋಲ್ಡರಿನಲ್ಲಿ ಮೊದಲನೆಯದು, ವಿಎಲ್‌ಸಿ (ವಿಡಿಯೋ ನೋಡುವ ಪ್ರೋಗ್ರಾಂ) ಫೋಲ್ಡರಿನಲ್ಲಿ ಎರಡನೆಯದು ಕಾಣುತ್ತದೆ. ಮೂರು, ಮೆನುವಿನ ಹೆಲ್ಪ್‌ನಲ್ಲಿ ಅಬೌಟ್, ಇಲ್ಲವೇ ಅವರ ವೆಬ್‌ಸೈಟಿನ ಲೈಸೆನ್ಸ್ ಪುಟ.

ಎಚ್ಚರಿಕೆ: ನೂರೆಂಟು ಸಾಫ್ಟ್‌ವೇರುಗಳನ್ನು ಒಂದೇ ಕಡೆ ಗುಡ್ಡೆ ಹಾಕಿರುವ ಡೌನ್‌ಲೋಡ್ ತಾಣಗಳಲ್ಲಿ "ಫ್ರೀ" ಎಂಬ ಹಸಿರು ಬಟನ್ ಇರುತ್ತದೆ. ಅದರ ಅರ್ಥ ಡೌನ್‌ಲೋಡ್ ಮಾಡಲು ದುಡ್ಡಿಲ್ಲ ಅಂತ ಅಷ್ಟೇ. ಬಳಸಲು ಇದೆಯೋ ಇಲ್ಲವೋ ಬೇರೆ ಮಾತು. ಮೇಲಾಗಿ ಇಂಥ ಕಡೆ ಇನ್‌ಸ್ಟಾಲರಿನ ಜತೆ ಬೇಡದ ಟೂಲ್‌ಬಾರು, ಜಾಹೀರಾತು ಪ್ರೋಗ್ರಾಂ ಅಂಟಿಕೊಂಡು ಬರುತ್ತವೆ. ಹೆಸರುವಾಸಿ ತಾಣಗಳಲ್ಲೂ ಹೀಗಾಗಿದ್ದುಂಟು. 2015ರಲ್ಲಿ ಫೋಟೋ ತಿದ್ದುವ ಗಿಂಪ್‌ನ ವಿಂಡೋಸ್ ಇನ್‌ಸ್ಟಾಲರಿಗೆ ಸೋರ್ಸ್‌ಫೋರ್ಜ್ ತಾಣದಲ್ಲಿ ಜಾಹೀರಾತು ಸುತ್ತಿ ಕೊಟ್ಟದ್ದು ದೊಡ್ಡ ಗಲಾಟೆಯಾಗಿತ್ತು.

ಹಂತ 3: ನಾಲ್ಕು ಪ್ರಶ್ನೆ ಕೇಳಿ

ಇಡೀ ಲೈಸೆನ್ಸ್ ಓದಬೇಕಾಗಿಲ್ಲ. ನೋಟ್‌ಪ್ಯಾಡಿನಲ್ಲಿ ಕಂಟ್ರೋಲ್ ಎಫ್ ಒತ್ತಿ ಕೆಲವು ಪದ ಹುಡುಕಿ, ಅದರ ಹಿಂದೆ ಮುಂದೆ ಎರಡು ಸಾಲು ಓದಿದರೆ ಮುಕ್ಕಾಲು ಕೆಲಸ ಆದಂತೆ.

ಯಾರು ಬಳಸಬಹುದು? ಹುಡುಕುವ ಪದ: ಪರ್ಸನಲ್, ನಾನ್-ಕಮರ್ಷಿಯಲ್, ಎಜುಕೇಶನಲ್. ಮೊದಲಿನ ಎರಡರಲ್ಲಿ ಒಂದಕ್ಕೆ ಮಾತ್ರ ಎಂದಿದ್ದರೂ ಅಂಗಡಿಗೆ ನಡೆಯುವುದಿಲ್ಲ ಎಂದು ತಿಳಿಯಿರಿ.

ಎಷ್ಟು ದಿನ? ಹುಡುಕುವ ಪದ: ಟ್ರಯಲ್, ಇವ್ಯಾಲ್ಯುಯೇಶನ್, ಡೇಸ್. ಇವ್ಯಾಲ್ಯುಯೇಶನ್ ಎಂದರೆ ಕೊಳ್ಳುವ ಮೊದಲು ನೋಡಿ ಪರೀಕ್ಷಿಸುವುದು. ಈ ಪದ ಕಂಡರೆ ಅದು ಫ್ರೀವೇರ್ ಅಲ್ಲ.

ಎಷ್ಟು ಕೆಲಸ ಮಾಡುತ್ತದೆ? ಸೇವ್ ಆಗುತ್ತಾ, ಪ್ರಿಂಟ್ ಬರುತ್ತಾ, ಮೇಲೆ ವಾಟರ್‌ಮಾರ್ಕ್ (ಕಂಪನಿಯ ಮಸುಕು ಮುದ್ರೆ) ಬೀಳುತ್ತಾ? ಇದು ಲೈಸೆನ್ಸಿನಲ್ಲಿ ಇರುವುದಿಲ್ಲ, ಒಮ್ಮೆ ನಡೆಸಿಯೇ ನೋಡಬೇಕು.

ಇನ್ನೊಬ್ಬರಿಗೆ ಕೊಡಬಹುದಾ? ಹುಡುಕುವ ಪದ: ರೀಡಿಸ್ಟ್ರಿಬ್ಯೂಟ್, ಕಾಪಿ. ಇದನ್ನು ಎಲ್ಲರೂ ಮರೆಯುತ್ತಾರೆ. ಪೆನ್‌ಡ್ರೈವಿನಲ್ಲಿ ಇಪ್ಪತ್ತು ಇನ್‌ಸ್ಟಾಲರ್ ಇಟ್ಟುಕೊಂಡು ಗಿರಾಕಿಗಳ ಮನೆಗೆ ಹೋಗುವ ಸರ್ವೀಸ್ ಹುಡುಗರಿಗೆ ಇದೇ ಮುಖ್ಯ. ಅಡೋಬಿ ಆಕ್ರೊಬ್ಯಾಟ್ ರೀಡರ್ ತೆಗೆದುಕೊಳ್ಳಿ. ಆಫೀಸಿನಲ್ಲಿ ಬಳಸಲು ದುಡ್ಡಿಲ್ಲ, ಆದರೆ ಅದರ ಕಾಪಿ ಹಂಚಬೇಕಾದರೆ ಅಡೋಬಿಯಿಂದ ಬೇರೆ ಒಪ್ಪಿಗೆ ಪಡೆಯಬೇಕು. ವಿಎಲ್‌ಸಿಗೆ ಅಂಥ ತಡೆ ಇಲ್ಲ.

ಈಗ ಒಂದನ್ನು ಹತ್ತಿರದಿಂದ ನೋಡೋಣ. ಫೋಟೋ ನೋಡಲು ನಮ್ಮ ಕಡೆ ಎಷ್ಟೋ ಸ್ಟುಡಿಯೋಗಳಲ್ಲಿ ಇರ್ಫಾನ್‌ವ್ಯೂ ಇರುತ್ತದೆ. ಬಹಳ ಹಗುರ, ಚುರುಕು. ಅದರ ಲೈಸೆನ್ಸ್ ಶುರುವಾಗುವುದೇ "ಫ್ರೀವೇರ್" ಎಂದು. ಅಲ್ಲಿಗೇ ಓದು ನಿಲ್ಲಿಸಿದರೆ ಕೆಟ್ಟಿರಿ. ಅದೇ ಸಾಲು ಮುಂದುವರಿದು ಹೇಳುವುದು: ಖಾಸಗಿ, ವ್ಯಾಪಾರಕ್ಕಲ್ಲದ ಬಳಕೆಗೆ ಮಾತ್ರ. ಅದರ ನಂತರ ಶಾಲೆ, ವಿಶ್ವವಿದ್ಯಾಲಯ, ಗ್ರಂಥಾಲಯ, ಮ್ಯೂಸಿಯಂ, ದಾನಧರ್ಮದ ಸಂಸ್ಥೆಗಳಿಗೂ ಉಚಿತ ಎಂದಿದೆ. ವ್ಯಾಪಾರದ ಜಾಗದಲ್ಲಿ ಬಳಸುವುದಾದರೆ ನೋಂದಾಯಿಸಿ ಖರೀದಿ ಮಾಡಿ ಎಂಬುದು ಕೊನೆಯ ಮಾತು. ಈಗ ಹಂತ 1ರ ನಿಮ್ಮ ಗುರುತು ನೋಡಿ. ಹದಡಿ ರಸ್ತೆಯ ಕಾಲೇಜು ಲ್ಯಾಬಿಗೆ ಇದು ಫ್ರೀವೇರ್. ಅದರ ಎದುರಿನ ಫೋಟೋ ಸ್ಟುಡಿಯೋಗೆ ಅಲ್ಲ. ಒಂದೇ ಫೈಲು, ಒಂದೇ ಆವೃತ್ತಿ, ಉತ್ತರ ಎರಡು.

ಹಂತ 4: ಗುಂಪು ಸೇರಿಸಿ

ನಾಲ್ಕು ಉತ್ತರ ಕೈಯಲ್ಲಿದ್ದರೆ ಗುಂಪು ಮಾಡುವುದು ಸುಲಭ. ನಾನು ಮಾಡುವ ವಿಂಗಡಣೆ ಹೀಗಿದೆ.

ನೇರ ಫ್ರೀವೇರ್. ಮನೆ, ಅಂಗಡಿ ಎಲ್ಲ ಕಡೆ ದುಡ್ಡಿಲ್ಲದೆ ಬಳಸಬಹುದು, ಗಡುವಿಲ್ಲ, ಸೋರ್ಸ್ ಕೋಡ್ ಕೊಡುವುದಿಲ್ಲ. ಗೂಗಲ್ ಕ್ರೋಮ್, ಆಕ್ರೊಬ್ಯಾಟ್ ರೀಡರ್ ಇಲ್ಲಿಗೆ ಸೇರುತ್ತವೆ. ಕ್ರೋಮ್ ಬಗ್ಗೆ ಯಾರಾದರೂ "ಅದು ಓಪನ್ ಸೋರ್ಸ್" (ಸೋರ್ಸ್ ಕೋಡನ್ನೂ ಕೊಟ್ಟು ಬದಲಾಯಿಸಲು ಬಿಡುವಂಥದ್ದು, ಮುಂದೆ ಹೇಳುತ್ತೇನೆ) ಎಂದರೆ ಅರ್ಧ ಸತ್ಯ. ಅದರ ಬುನಾದಿಯಾದ ಕ್ರೋಮಿಯಂ ಓಪನ್ ಸೋರ್ಸ್, ಗೂಗಲ್ ಕೊಡುವ ಕ್ರೋಮ್ ಫ್ರೀವೇರ್. ಪ್ರೋಗ್ರಾಂ ಬರೆಯಲು ಬಳಸುವ ವಿಎಸ್ ಕೋಡ್ ಕಥೆಯೂ ಹಾಗೇ: ಮೂಲ ಬರಹ ಎಂಐಟಿ ಎಂಬ ಓಪನ್ ಸೋರ್ಸ್ ಲೈಸೆನ್ಸಿನಲ್ಲಿದೆ, ಮೈಕ್ರೋಸಾಫ್ಟ್ ಕಟ್ಟಿ ಕೊಡುವ ಪ್ರೋಗ್ರಾಮಿಗೆ ಅವರದ್ದೇ ಬೇರೆ ಲೈಸೆನ್ಸ್.

ಷರತ್ತಿನ ಫ್ರೀವೇರ್. ತಕರಾರು ಬರುವುದೆಲ್ಲ ಇಲ್ಲೇ. ಇರ್ಫಾನ್‌ವ್ಯೂ ಆಯಿತು. ದೂರದ ಕಂಪ್ಯೂಟರ್ ರಿಪೇರಿಗೆ ಬಳಸುವ ಟೀಮ್‌ವ್ಯೂವರ್, ಎನಿಡೆಸ್ಕ್ ಎರಡೂ ಸ್ವಂತ ಬಳಕೆಗೆ ಮಾತ್ರ ಉಚಿತ. ಚನ್ನಗಿರಿಯಲ್ಲಿರುವ ಅಮ್ಮನ ಕಂಪ್ಯೂಟರ್ ಸರಿಮಾಡಲು ಬಳಸಿ, ಅಡ್ಡಿಯಿಲ್ಲ. ಗಿರಾಕಿಯ ಟ್ಯಾಲಿ ಸರಿಮಾಡಿ 300 ರೂಪಾಯಿ ತೆಗೆದುಕೊಂಡರೆ ಅದು ವ್ಯಾಪಾರ. ಟೀಮ್‌ವ್ಯೂವರಿಗೆ ವ್ಯಾಪಾರದ ಅನುಮಾನ ಬಂದರೆ ಸಂಪರ್ಕವನ್ನೇ ನಡುವೆ ಕತ್ತರಿಸುತ್ತದೆ. "ಸಾಫ್ಟ್‌ವೇರ್ ಕೆಟ್ಟಿದೆ" ಎಂದು ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡುವವರೂ ಇದ್ದಾರೆ. ಕೆಟ್ಟಿಲ್ಲ, ಲೈಸೆನ್ಸ್ ಮೀರಿದ್ದಾರೆ ಅಷ್ಟೇ. ಅವಾಸ್ಟ್‌ನ ಉಚಿತ ಆಂಟಿವೈರಸ್ ಕೂಡ ಮನೆಗಷ್ಟೇ.

ಷರತ್ತು ಗಾತ್ರದ ಮೇಲೂ ಇರಬಹುದು. ಪ್ರೋಗ್ರಾಂ ಬರೆಯಲು ಮೈಕ್ರೋಸಾಫ್ಟ್ ಕೊಡುವ ವಿಷುಯಲ್ ಸ್ಟುಡಿಯೋ ಕಮ್ಯುನಿಟಿಯನ್ನು ಒಬ್ಬಂಟಿ ಪ್ರೋಗ್ರಾಮರ್ ದುಡ್ಡಿನ ಕೆಲಸಕ್ಕೂ ಬಳಸಬಹುದು. ಸಣ್ಣ ಸಂಸ್ಥೆಯಾದರೆ ಅದನ್ನು ಬಳಸುವವರು ಒಟ್ಟು 5 ಜನರವರೆಗೆ. 250ಕ್ಕಿಂತ ಹೆಚ್ಚು ಕಂಪ್ಯೂಟರ್ ಇರುವ ಅಥವಾ ವರ್ಷದ ವರಮಾನ 10 ಲಕ್ಷ ಡಾಲರ್ ದಾಟಿದ ಸಂಸ್ಥೆಗೆ ಮಾಮೂಲಿ ಕೆಲಸಕ್ಕೆ ಕೊಡುವುದೇ ಇಲ್ಲ, ಆದರೆ ತರಗತಿಯ ಪಾಠಕ್ಕೆ ರಿಯಾಯಿತಿ ಇದೆ. ಇಲ್ಲಿನ ಇಂಜಿನಿಯರಿಂಗ್ ಕಾಲೇಜುಗಳಾದ ಯುಬಿಡಿಟಿಯಲ್ಲೋ ಬಿಐಇಟಿಯಲ್ಲೋ ಓದು ಮುಗಿಸಿ ಸ್ವಂತ ಕಂಪನಿ ತೆರೆಯುವ ಹುಡುಗರು ಇದನ್ನು ಗಮನಿಸಬೇಕು: ಆರನೆಯವರು ಅದನ್ನು ಬಳಸಲು ಶುರು ಮಾಡಿದ ದಿನ ಲೆಕ್ಕ ಬದಲಾಗುತ್ತದೆ.

ದೇಣಿಗೆ ಕೇಳುವುದು, ಜಾಹೀರಾತು ತೋರಿಸುವುದು. ದೇಣಿಗೆ ಕೊಡದೆಯೂ ಎಲ್ಲ ನಡೆಯುತ್ತಿದ್ದರೆ ಫ್ರೀವೇರ್ ಎಂದೇ ಬರೆಯಿರಿ. ಜಾಹೀರಾತಿನದ್ದನ್ನೂ ಹಾಗೇ ಬರೆಯಬಹುದು, ಆದರೆ ಬ್ಯಾಂಕ್ ಕೆಲಸ ಮಾಡುವ ಕಂಪ್ಯೂಟರಿನಲ್ಲಿ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಫ್ರೀಮಿಯಂ. ಒಂದು ಉಚಿತ ಆವೃತ್ತಿ, ಮೇಲೊಂದು ದುಡ್ಡಿನ ಆವೃತ್ತಿ. ಉಚಿತದ್ದರಲ್ಲಿ ನಿಮ್ಮ ಕೆಲಸ ಪೂರ್ತಿ ಆಗುತ್ತಾ ಎಂಬುದೇ ಇಲ್ಲಿ ಅಳತೆಗೋಲು. ಮದುವೆ ವಿಡಿಯೋ ಮಾಡುವವರು ಕೇಳುವ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಗಡುವಿಲ್ಲದೆ ನಡೆಯುತ್ತದೆ, ವಾಟರ್‌ಮಾರ್ಕ್ ಹಾಕದೆ ಅಲ್ಟ್ರಾ ಎಚ್‌ಡಿವರೆಗೆ ವಿಡಿಯೋ ಹೊರತೆಗೆದು ಕೊಡುತ್ತದೆ. ದುಡ್ಡು ಪಡೆಯುವ ಕೆಲಸಕ್ಕೂ ಬಳಸಬಹುದು. ಅದನ್ನು ನಾನು ಫ್ರೀವೇರ್ ಪಟ್ಟಿಗೆ ಸೇರಿಸುತ್ತೇನೆ. ದುಡ್ಡಿನ ಆವೃತ್ತಿಯ ಎಫೆಕ್ಟ್ ಹಾಕಿದರೆ ಮಾತ್ರ ವಾಟರ್‌ಮಾರ್ಕ್ ಬರುತ್ತದೆ. ಹಾಕಬೇಡಿ, ಮುಗಿಯಿತು. ಉಚಿತ ಆವೃತ್ತಿಯಲ್ಲಿ ಸೇವ್ ಬಟನ್ನೇ ಒತ್ತಲು ಬಾರದಿದ್ದರೆ ಅದು ಅಂಗಡಿ ಮುಂದಿಟ್ಟ ಸ್ಯಾಂಪಲ್, ಫ್ರೀವೇರ್ ಅಲ್ಲ.

ಟ್ರಯಲ್, ಶೇರ್‌ವೇರ್. ಫೈಲು ಕಟ್ಟಿ ಬಿಚ್ಚುವ ವಿನ್‌ರಾರ್ ಎಂಬ ಮಹಾಶಯನ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. ಅದರ ಪರೀಕ್ಷಾ ಅವಧಿ 40 ದಿನ. ಆಮೇಲೆ ಖರೀದಿ ಮಾಡಿ ಇಲ್ಲವೇ ತೆಗೆದುಹಾಕಿ ಎಂದು ಲೈಸೆನ್ಸ್ ಹೇಳುತ್ತದೆ. ಆದರೆ 41ನೇ ದಿನವೂ ತೆರೆದುಕೊಳ್ಳುತ್ತದೆ, ವರ್ಷ ಕಳೆದರೂ ತೆರೆದುಕೊಳ್ಳುತ್ತದೆ, ಒಂದು ನೆನಪೋಲೆ ತೋರಿಸಿ ಸುಮ್ನಾಗುತ್ತದೆ. ಹೀಗಾಗಿ ಜನ ಅದನ್ನು ಫ್ರೀವೇರ್ ಎಂದೇ ನಂಬಿದ್ದಾರೆ. ಬಾಗಿಲು ತೆರೆದಿದೆ ಎಂದರೆ ಒಪ್ಪಿಗೆ ಇದೆ ಅಂತಲ್ಲ. ಪ್ರೋಗ್ರಾಂ ಬರೆಯುವವರು ಬಳಸುವ ಸಬ್ಲೈಮ್ ಟೆಕ್ಸ್ಟ್ ಕೂಡ ಇದೇ ಜಾತಿ. ಮಂಡಿಪೇಟೆ ಕಡೆ ಕೇಳುವ ಟ್ಯಾಲಿಯ ಎಜುಕೇಶನ್ ಮೋಡ್ ಇನ್ನೊಂದು: ದುಡ್ಡಿಲ್ಲ, ಗಡುವೂ ಇಲ್ಲ, ಆದರೆ ತಿಂಗಳ 1, 2 ಮತ್ತು 31ನೇ ತಾರೀಖಿಗೆ ಮಾತ್ರ ವೋಚರ್ ಹಾಕಬಹುದು. ಕಲಿಯಲು ಚೆನ್ನಾಗಿದೆ. ಮೆಕ್ಕೆಜೋಳದ ಸೀಸನ್ನಿನಲ್ಲಿ ದಲಾಲಿ ಅಂಗಡಿಯ ಲೆಕ್ಕ ಅದರಲ್ಲಿ ನಡೆಯುವುದು ಸಾಧ್ಯವೇ ಇಲ್ಲ. ಕೆಲವರು ಎಲ್ಲ ವ್ಯವಹಾರವನ್ನೂ 1ನೇ ತಾರೀಖಿಗೇ ಹಾಕಿ ಸಾಗಿಸುತ್ತಾರಂತೆ. ಜಿಎಸ್‌ಟಿ ರಿಟರ್ನ್ ತುಂಬುವಾಗ ಅದರ ಫಲ ಉಣ್ಣುತ್ತಾರೆ.

ಓಪನ್ ಸೋರ್ಸ್. ಇದನ್ನು ಬೇರೆ ಕಾಲಮ್ಮಿನಲ್ಲಿ ಬರೆಯಿರಿ. ದುಡ್ಡಿಲ್ಲ ಎನ್ನುವುದು ಎರಡಕ್ಕೂ ಒಂದೇ ಇರಬಹುದು, ಕೊಡುವ ಹಕ್ಕು ಬೇರೆ. ಇಲ್ಲಿ ಸೋರ್ಸ್ ಕೋಡ್ ಸಿಗುತ್ತದೆ, ಬದಲಾಯಿಸಬಹುದು, ಕಾಪಿ ಹಂಚಬಹುದು, ಮಾರಲೂಬಹುದು. ಮನೆ, ಅಂಗಡಿ ಎಂಬ ಭೇದ ಮಾಡುವಂತಿಲ್ಲ. ಮಾಡಿದರೆ ಅದು ಓಪನ್ ಸೋರ್ಸ್ ಎನಿಸಿಕೊಳ್ಳುವುದಿಲ್ಲ. ಲೈಸೆನ್ಸಿನಲ್ಲಿ ಜಿಪಿಎಲ್, ಎಲ್‌ಜಿಪಿಎಲ್, ಎಂಪಿಎಲ್, ಎಂಐಟಿ, ಬಿಎಸ್‌ಡಿ, ಅಪಾಚೆ ಎಂಬ ಹೆಸರು ಕಂಡರೆ ಈ ಗುಂಪು. ಲಿಬ್ರೆ ಆಫೀಸ್, ವಿಎಲ್‌ಸಿ, ಗಿಂಪ್, ಇಂಕ್‌ಸ್ಕೇಪ್, 7-ಜಿಪ್ ಎಲ್ಲ ಇಲ್ಲಿವೆ. ಹಕ್ಕಿನ ವ್ಯತ್ಯಾಸ ಎಷ್ಟು ದೊಡ್ಡದು ಎನ್ನಲು, ವಿಂಡೋಸ್ ಥರ ಕಂಪ್ಯೂಟರ್ ನಡೆಸುವ ಲಿನಕ್ಸನ್ನೇ ನೋಡಿ. 1991ರಲ್ಲಿ ಮೊದಲು ಬಿಟ್ಟಾಗ ಅದರ ಲೈಸೆನ್ಸ್ ದುಡ್ಡು ಪಡೆದು ಹಂಚುವುದನ್ನು ತಡೆದಿತ್ತು. 1992ರಲ್ಲಿ ಜಿಪಿಎಲ್‌ಗೆ ಬಂದ ಮೇಲೆ ಆ ತಡೆ ಹೋಯಿತು. ಲಿನಕ್ಸ್ ಮಾರಿ ಬದುಕುವ ಕಂಪನಿಗಳು ಹುಟ್ಟಲು ಸಾಧ್ಯವಾದದ್ದು ಹಾಗೆ.

"ಸೋರ್ಸ್ ಕೋಡ್ ನೋಡಲು ಸಿಗುತ್ತೆ, ಹಾಗಾದರೆ ಓಪನ್ ಸೋರ್ಸ್ ಅಲ್ವಾ?" ಅಲ್ಲ. ನೋಡಲು ಬಿಟ್ಟು, ವ್ಯಾಪಾರಕ್ಕೆ ತಡೆ ಹಾಕಿದ ಲೈಸೆನ್ಸುಗಳು ಇವೆ. ಜೇಸನ್ ಲೈಸೆನ್ಸ್ ಎಂಬುದರಲ್ಲಿ ಎಂಐಟಿ ಲೈಸೆನ್ಸಿಗಿಂತ ಒಂದು ಸಾಲು ಜಾಸ್ತಿ ಇದೆ: ಒಳ್ಳೆಯದಕ್ಕೆ ಬಳಸಿ, ಕೆಟ್ಟದ್ದಕ್ಕೆ ಬಳಸಬೇಡಿ ಎಂದು. ಆ ಒಂದು ಸಾಲಿನಿಂದಾಗಿ ಡೆಬಿಯನ್‌ನವರು (ಲಿನಕ್ಸಿನ ಒಂದು ಹೆಸರುವಾಸಿ ಆವೃತ್ತಿ ಕಟ್ಟಿ ಕೊಡುವ ತಂಡ) ಅದನ್ನು ಮುಕ್ತ ಲೈಸೆನ್ಸ್ ಎಂದು ಒಪ್ಪಲಿಲ್ಲ. ನಿಮಗೆ ಅನುಮಾನ ಬಂದಾಗ ಸುಲಭದ ದಾರಿ ಒಂದಿದೆ: ಆ ಸಾಫ್ಟ್‌ವೇರ್ ಡೆಬಿಯನ್ ಲಿನಕ್ಸಿನ "ಮೇನ್" ವಿಭಾಗದಲ್ಲಿ ಇದೆಯೇ ನೋಡಿ. ಈ ವಿಷಯದಲ್ಲಿ ಅವರು ಬಹಳ ಕಟ್ಟುನಿಟ್ಟು. ಅಲ್ಲಿ ಇದ್ದರೆ ಕಣ್ಣು ಮುಚ್ಚಿ ಓಪನ್ ಸೋರ್ಸ್ ಎಂದು ಬರೆಯಿರಿ.

ಪಬ್ಲಿಕ್ ಡೊಮೈನ್. ಬರೆದವರು ಹಕ್ಕನ್ನೇ ಬಿಟ್ಟುಕೊಟ್ಟದ್ದು. ಮಾಹಿತಿ ಕೂಡಿಡುವ ಡೇಟಾಬೇಸ್ ಪ್ರೋಗ್ರಾಂ ಎಸ್‌ಕ್ಯೂಲೈಟ್ ಹೀಗಿದೆ. ಇದೂ ಫ್ರೀವೇರ್ ಅಲ್ಲ, ಏಕೆಂದರೆ ಇಲ್ಲಿ ಹಕ್ಕುದಾರರೇ ಇಲ್ಲ. ನಿತ್ಯದ ಅಂಗಡಿ ಕೆಲಸದಲ್ಲಿ ನಿಮಗೆ ಎದುರಾಗುವುದು ಅಪರೂಪ.

ಕ್ರ್ಯಾಕ್ ಮಾಡಿದ್ದು ಯಾವ ಗುಂಪಿಗೂ ಸೇರುವುದಿಲ್ಲ. ಕಾಪಿರೈಟ್ ಕಾಯ್ದೆಯ 63ಬಿ ಕಲಮಿನ ಪ್ರಕಾರ, ಕಳ್ಳ ಕಾಪಿ ಎಂದು ಗೊತ್ತಿದ್ದೂ ಬಳಸಿದರೆ ಕನಿಷ್ಠ 7 ದಿನದಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ವ್ಯಾಪಾರಕ್ಕಲ್ಲ ಎಂದು ಸಾಬೀತಾದರೆ ಕೋರ್ಟು ಜೈಲು ಬಿಟ್ಟು ದಂಡ ಮಾತ್ರ ಹಾಕಬಹುದು. ಅಂಗಡಿಯವರಿಗೆ ಆ ರಿಯಾಯಿತಿ ಸಿಗುವುದು ಕಷ್ಟ.

ಹಂತ 5: ಸಿಕ್ಕುಗಳು

ಫಾಂಟು. ಜನ ಸಾಫ್ಟ್‌ವೇರ್ ನೋಡುತ್ತಾರೆ, ಫಾಂಟಿಗೂ ಲೈಸೆನ್ಸ್ ಇದೆ ಎಂಬುದು ಹೊಳೆಯುವುದೇ ಇಲ್ಲ. ದುಗ್ಗಮ್ಮನ ಜಾತ್ರೆ ಬಂತೆಂದರೆ ಊರ ತುಂಬ ಫ್ಲೆಕ್ಸ್. ಅದರಲ್ಲಿನ ಚಂದದ ಇಂಗ್ಲಿಷ್ ಫಾಂಟುಗಳಲ್ಲಿ ಎಷ್ಟೋ "ಪರ್ಸನಲ್ ಯೂಸ್" ಎಂಬ ಷರತ್ತಿನವು. ಫಾಂಟಿನ ಜಿಪ್ ಫೈಲಿನೊಳಗೆ ಒಂದು ಟೆಕ್ಸ್ಟ್ ಫೈಲ್ ಇರುತ್ತದಲ್ಲ, ಅದನ್ನು ಬಿಸಾಡದೆ ಓದಿ. ಕನ್ನಡಕ್ಕೆ ಯೋಚನೆ ಕಡಿಮೆ. ನೋಟೋ ಸ್ಯಾನ್ಸ್ ಕನ್ನಡ, ಲೋಹಿತ್ ಕನ್ನಡ ಫಾಂಟುಗಳು ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸಿನಲ್ಲಿವೆ. ಫ್ಲೆಕ್ಸು, ಲಗ್ನಪತ್ರಿಕೆ, ಪುಸ್ತಕ ಯಾವುದಕ್ಕೂ ಬಳಸಬಹುದು. ಫಾಂಟನ್ನೇ ಒಂಟಿಯಾಗಿ ಮಾರುವಂತಿಲ್ಲ.

ನಿಂತುಹೋದ ಸಾಫ್ಟ್‌ವೇರು. ಪುಟ ಜೋಡಿಸುವ ಪೇಜ್‌ಮೇಕರಿನ ಕೊನೆಯ ದೊಡ್ಡ ಆವೃತ್ತಿ 7.0 ಬಂದದ್ದು 2001ರಲ್ಲಿ. ಅಡೋಬಿ ಅದನ್ನು ಅಲ್ಲಿಗೇ ಬಿಟ್ಟು ಇನ್‌ಡಿಸೈನ್ ಕಡೆ ಹೊರಳಿತು. ನಮ್ಮ ಡಿಟಿಪಿಯವರು ಇನ್ನೂ ಬಿಟ್ಟಿಲ್ಲ. "ಅವರೇ ಕೈಬಿಟ್ಟ ಮೇಲೆ ಯಾರದ್ದು?" ಎಂಬ ಪ್ರಶ್ನೆ ನ್ಯಾಯವಾಗಿಯೇ ಕೇಳಿಸುತ್ತದೆ. ಉತ್ತರ: ಅವರದ್ದೇ. ಮಾರಾಟ ನಿಂತರೆ ಹಕ್ಕು ನಿಲ್ಲುವುದಿಲ್ಲ. ನಮ್ಮ ಕಾಯ್ದೆಯಲ್ಲಿ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿಯ ಲೆಕ್ಕಕ್ಕೇ ಬರುತ್ತದೆ. ಅಂಥ ಕೃತಿಯ ಹಕ್ಕು ಬರೆದವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಆಗ ದುಡ್ಡು ಕೊಟ್ಟು ಕೊಂಡ ಸಿಡಿ, ಸೀರಿಯಲ್ ನಂಬರ್ ಇಟ್ಟುಕೊಂಡವರು ಧೈರ್ಯವಾಗಿ ಬಳಸಲಿ. ಉಳಿದವರು ಫ್ರೀವೇರ್ ಎಂದು ಬರೆಯಬೇಡಿ.

ವಿದ್ಯಾರ್ಥಿ ಲೈಸೆನ್ಸ್. ಆಟೋಡೆಸ್ಕ್‌ನವರು ವಿದ್ಯಾರ್ಥಿಗಳಿಗೆ, ಮೇಷ್ಟ್ರಿಗೆ ಆಟೋಕ್ಯಾಡ್ ಒಂದು ವರ್ಷಕ್ಕೆ ಉಚಿತವಾಗಿ ಕೊಡುತ್ತಾರೆ. ಅರ್ಹತೆ ಇರುವವರೆಗೆ ವರ್ಷವರ್ಷ ನವೀಕರಿಸಿಕೊಳ್ಳಬಹುದು. ಅದರಲ್ಲಿ ಕಲಿಯಬೇಕು. ಎಂಟನೇ ಸೆಮಿಸ್ಟರ್ ಹುಡುಗ ಅದರಲ್ಲೇ ಯಾರದ್ದೋ ಮನೆ ಪ್ಲಾನ್ ಬರೆದು ದುಡ್ಡು ತೆಗೆದುಕೊಂಡರೆ ಲೈಸೆನ್ಸ್ ಮೀರಿದಂತೆ.

ಲ್ಯಾಪ್‌ಟಾಪ್ ಜತೆ ಬಂದದ್ದು. ಅದು ಉಚಿತವಲ್ಲ, ಅದರ ದುಡ್ಡು ಬಿಲ್ಲಿನಲ್ಲೇ ಸೇರಿದೆ. ಆಫೀಸ್ ಹೋಮ್ ಆ್ಯಂಡ್ ಸ್ಟೂಡೆಂಟ್ ಬಂದಿದ್ದರೆ ಇನ್ನೂ ಜೋಪಾನ. ಹೆಸರೇ ಹೇಳುವಂತೆ ಅದು ವ್ಯಾಪಾರಕ್ಕಲ್ಲ.

ಆವೃತ್ತಿ ಬದಲಾದಾಗ. ಇದು ಬಹಳ ಮುಖ್ಯ. ಲೈಸೆನ್ಸ್ ಅಂಟಿಕೊಂಡಿರುವುದು ಆ ಆವೃತ್ತಿಗೆ, ಹೆಸರಿಗಲ್ಲ. ನಮ್ಮ ಬರಹ ತಂತ್ರಾಂಶವೇ ಮೊದಲ ವರ್ಷಗಳಲ್ಲಿ ಉಚಿತವಾಗಿತ್ತು, ಆಮೇಲಿನ ಆವೃತ್ತಿಗಳು ದುಡ್ಡಿಗೆ ಬಂದವು. ತಪ್ಪೇನಿಲ್ಲ, ಮಾಡಿದವರ ಇಷ್ಟ. ಎಷ್ಟೋ ಪ್ರೋಗ್ರಾಂಗಳು ನಡೆಯಲು ಬೇಕಾಗುವ ಒರಾಕಲ್ ಜಾವಾ ಇನ್ನೊಂದು ದೊಡ್ಡ ಉದಾಹರಣೆ. 2019ರ ಏಪ್ರಿಲ್‌ನಿಂದ ಜಾವಾ 8ರ ಹೊಸ ಅಪ್‌ಡೇಟುಗಳನ್ನು ವ್ಯಾಪಾರದ ಜಾಗದಲ್ಲಿ ಬಳಸಲು ದುಡ್ಡಿನ ಲೈಸೆನ್ಸ್ ಬೇಕಾಯಿತು. 2021ರಲ್ಲಿ ಜಾವಾ 17 ಮತ್ತೆ ಉಚಿತ ಷರತ್ತಿನಲ್ಲಿ ಬಂತು, ಅದಕ್ಕೂ ಕಾಲಮಿತಿ ಇಟ್ಟರು. ಮೂಲೆಯಲ್ಲಿ "ಅಪ್‌ಡೇಟ್ ಇದೆ" ಎಂದು ತೋರಿಸಿದ ತಕ್ಷಣ ಒತ್ತುವ ಅಭ್ಯಾಸ ಇದ್ದವರು ತಮಗೆ ಗೊತ್ತಿಲ್ಲದೆ ಒಂದು ಲೈಸೆನ್ಸಿನಿಂದ ಇನ್ನೊಂದಕ್ಕೆ ದಾಟುವುದು ಹೀಗೆ. ಈ ಜಂಜಾಟ ಬೇಡ ಎನ್ನುವವರಿಗೆ ಜಾವಾದ ಓಪನ್ ಸೋರ್ಸ್ ರೂಪ ಓಪನ್‌ಜೆಡಿಕೆ ಇದೆ, ಅದು ಜಿಪಿಎಲ್.

ಬ್ರೌಸರಿನಲ್ಲೇ ನಡೆಯುವುದು. ಅದು ನಿಮ್ಮ ಕೈಗೆ ಬರುವುದೇ ಇಲ್ಲ, ಅವರ ಸರ್ವರಿನಲ್ಲಿ ಬಳಸಲು ಬಿಡುತ್ತಾರೆ ಅಷ್ಟೇ. ಪಟ್ಟಿಯಲ್ಲಿ "ಸೇವೆ" ಎಂದು ಬರೆದು ಮುಂದೆ ಹೋಗಿ.

ಹಂತ 6: ಪಟ್ಟಿ ಬರೆದಿಡಿ

ಒಂದು ಸಾಫ್ಟ್‌ವೇರಿಗೆ ಒಂದು ಸಾಲು. ಹೆಸರು, ಆವೃತ್ತಿ ಸಂಖ್ಯೆ, ಇಳಿಸಿದ ತಾರೀಖು, ಎಲ್ಲಿಂದ, ಯಾವ ಗುಂಪು, ನಮ್ಮ ಬಳಕೆಗೆ ಸರಿಯೇ, ಕಾಪಿ ಕೊಡಬಹುದೇ. 7-ಜಿಪ್‌ನ ಸಾಲು ಹೀಗೆ ಬರುತ್ತದೆ: ಗುಂಪು ಓಪನ್ ಸೋರ್ಸ್, ಮುಕ್ಕಾಲು ಪಾಲು ಎಲ್‌ಜಿಪಿಎಲ್, ಅಂಗಡಿಗೆ ಸರಿ, ಕಾಪಿ ಕೊಡಬಹುದು, ಷರಾ: ರಾರ್ ಫೈಲ್ ಬಿಚ್ಚುವ ಭಾಗದ ಕೋಡ್ ಬಳಸಿ ರಾರ್ ಕಟ್ಟುವ ಪ್ರೋಗ್ರಾಂ ಮಾಡುವಂತಿಲ್ಲ. ಆ ಷರಾ ಪ್ರೋಗ್ರಾಮರುಗಳಿಗೆ ಮಾತ್ರ, ಆದರೂ ಬರೆಯಿರಿ. ಇರ್ಫಾನ್‌ವ್ಯೂ ಸಾಲಿನಲ್ಲಿ ಅಂಗಡಿಯಾದರೆ "ಸರಿಯಲ್ಲ" ಎಂದು ಬರುತ್ತದೆ.

ಹಂತ 2ರಲ್ಲಿ ನೋಟ್‌ಪ್ಯಾಡಿಗೆ ಹಾಕಿಕೊಂಡ ಲೈಸೆನ್ಸನ್ನು ಹೆಸರು, ಆವೃತ್ತಿ, ತಾರೀಖು ಸೇರಿಸಿ ಒಂದೇ ಫೋಲ್ಡರಿನಲ್ಲಿ ಉಳಿಸಿ. ವೆಬ್‌ಸೈಟಿನ ಪುಟವನ್ನು ನಾಳೆ ಅವರು ಬದಲಾಯಿಸಬಹುದು, ನಿಮ್ಮ ಕಾಪಿ ಇರುತ್ತದೆ. ಯಾವುದೋ ಕಂಪನಿಯ ಹೆಸರಿನಲ್ಲಿ "ನಿಮ್ಮಲ್ಲಿ ಲೈಸೆನ್ಸ್ ಇಲ್ಲದ ಸಾಫ್ಟ್‌ವೇರ್ ಇದೆ, ತಕ್ಷಣ ದುಡ್ಡು ಕಟ್ಟಿ" ಎಂಬ ಮೇಲ್ ಬಂದರೆ ಗಾಬರಿಯಾಗಿ ಅದರ ಲಿಂಕ್ ಒತ್ತಬೇಡಿ. ಅಂಥ ಮೇಲ್ ಮೋಸದ್ದೂ ಇರಬಹುದು. ಮೊದಲು ಈ ಪಟ್ಟಿ ತೆಗೆದು ನೋಡಿ, ಬೇಕಾದರೆ ಕಂಪನಿಯ ವೆಬ್‌ಸೈಟಿನಿಂದಲೇ ಸಂಪರ್ಕಿಸಿ.

"ಸರಿಯಲ್ಲ" ಎಂದು ಬಂದವುಗಳಿಗೆ ದಾರಿ ಮೂರು: ತೆಗೆಯುವುದು, ಕೊಳ್ಳುವುದು, ಬೇರೆಯದ್ದಕ್ಕೆ ಬದಲಾಗುವುದು. ವಿನ್‌ರಾರ್ ಬದಲು 7-ಜಿಪ್ ಹಾಕುವುದು ಐದು ನಿಮಿಷದ ಕೆಲಸ. ಎನಿಡೆಸ್ಕ್ ಬದಲು ರಸ್ಟ್‌ಡೆಸ್ಕ್ ನೋಡಬಹುದು, ಅದು ಓಪನ್ ಸೋರ್ಸ್. ಎಂಎಸ್ ಆಫೀಸಿನಿಂದ ಲಿಬ್ರೆ ಆಫೀಸಿಗೆ ಹೋಗುವುದು ಮಾತ್ರ ಅಷ್ಟು ಸಲೀಸಲ್ಲ. ಹಳೆಯ ನುಡಿ ಫಾಂಟಿನ ಫೈಲುಗಳು, ಮ್ಯಾಕ್ರೋ ಇರುವ ಎಕ್ಸೆಲ್ ಹಾಳೆಗಳು, ಟೇಬಲ್ ಜಾಸ್ತಿ ಇರುವ ಪ್ರಶ್ನೆಪತ್ರಿಕೆಗಳು ತೆರೆದಾಗ ಸಾಲು ಹೆಚ್ಚುಕಡಿಮೆ ಆಗುತ್ತವೆ. ಮೊದಲು ಒಂದೇ ಕಂಪ್ಯೂಟರಿನಲ್ಲಿ ಎರಡನ್ನೂ ಇಟ್ಟುಕೊಂಡು ನಿಮ್ಮ ನಿಜವಾದ ಫೈಲುಗಳನ್ನೇ ತೆರೆದು, ಪ್ರಿಂಟ್ ತೆಗೆದು ನೋಡಿ. ಲೆಕ್ಕದ ಆಫೀಸಿನವರು ಮಾರ್ಚ್‌ನಲ್ಲಿ, ಶಾಲೆಯವರು ಪರೀಕ್ಷೆಯ ಹೊತ್ತಿನಲ್ಲಿ ಈ ಬದಲಾವಣೆಗೆ ಕೈಹಾಕಬೇಡಿ. ಲಗ್ನಪತ್ರಿಕೆ ಮಾಡುವವರಾದರೆ ಆಷಾಢದಲ್ಲಿ ಕೆಲಸ ಕಡಿಮೆ ಇರುತ್ತದೆ, ಆಗ ಇಟ್ಟುಕೊಳ್ಳಿ.